ಬೊಲೆರೊ ಕ್ರೌನ್‌ನಲ್ಲಿ ಕುಂಯ್ ಸದ್ದು, ಮೂತಿಯಲ್ಲಿ ಎಣ್ಣೆ ಪಸೆ: 90 ಹಾಕಲೋ, 140 ಹಾಕಲೋ?

ಹುಲೇಕಲ್ ರಸ್ತೆ

ಗಾಡಿ ಬೊಲೆರೊ, 1,12,000 ಕಿ.ಮೀ. ಆಗಿದೆ. ಹಿಂಚಕ್ರದ ಡ್ರೈವ್ ಮಾತ್ರ, ಲಾಕಿಂಗ್ ಡಿಫರೆನ್ಶಿಯಲ್ ಇಲ್ಲ. ಓಡಾಟ ಹೆಚ್ಚಾಗಿ ಶಿರಸಿ–ಕುಮಟಾ, ಅಡಿಕೆ ಚೀಲ ಹೇರಿಕೊಂಡು ದೇವಿಮನೆ ಘಟ್ಟ ಇಳಿದು ಹತ್ತುವುದು.

50ರಿಂದ 70ರ ವೇಗದಲ್ಲಿ ಆಕ್ಸಲರೇಟರ್ ಒತ್ತಿ ಹಿಡಿದರೆ ಹಿಂದಿನಿಂದ ಕುಂಯ್ ಅಂತ ಸದ್ದು. ಕಾಲು ತೆಗೆದರೆ ಬಹುಪಾಲು ನಿಲ್ಲುತ್ತದೆ. ಗೇರ್‌ಬಾಕ್ಸ್‌ನಿಂದ ಬರುವ ಪ್ರೊಪೆಲ್ಲರ್ ಶಾಫ್ಟ್ ಕ್ರೌನ್‌ಗೆ, ಅಂದರೆ ಹಿಂದಿನ ಆಕ್ಸಲ್ ನಡುವಿನ ಹಲ್ಲುಚಕ್ರದ ಗುಂಡಿಗೆ, ಬಂದು ಸೇರುವ ಮೂತಿಯಲ್ಲಿ ಎಣ್ಣೆ ಪಸೆ, ಅದಕ್ಕೆ ಕೆಮ್ಮಣ್ಣು ಮೆತ್ತಿಕೊಂಡಿದೆ. ಮಳೆಗಾಲದಲ್ಲಿ ತೋಟದ ದಾರಿಯ ಹಳ್ಳ ದಾಟುವಾಗ ನೀರು ಹಬ್ ಮುಳುಗುವಷ್ಟು ಬರುತ್ತದೆ. ಕಳೆದ ಸರ್ವಿಸ್‌ನಲ್ಲಿ ಗೇರ್‌ಬಾಕ್ಸ್‌ಗೆ ತಂದು ಉಳಿದ ಎಣ್ಣೆಯನ್ನೇ ಕ್ರೌನ್‌ಗೂ ಹಾಕಿದ್ದಾರೆ. ಡಬ್ಬಿಯ ಮೇಲೆ 80ಡಬ್ಲ್ಯೂ-90, ಜಿಎಲ್-4 ಅಂತಿದೆ.

ಒಬ್ಬರು 140 ಹಾಕಿ ಸದ್ದು ಮುಚ್ಚಿಹೋಗುತ್ತದೆ ಅಂದರು. ಇನ್ನೊಬ್ಬರು ಕ್ರೌನ್–ಪಿನಿಯನ್ ಸೆಟ್ಟೇ ಬದಲಿಸಬೇಕು ಅಂದರು. ಎಣ್ಣೆ ಮನೆಯಲ್ಲೇ ಬದಲಿಸಬಹುದೋ?

ಕೋಡಿಬಾಗ ಪಾನಾ

90ಓ 140ಓ ಆಮೇಲೆ ನೋಡೋಣ. ಮೊದಲು ಆ ಜಿಎಲ್-4 ಹೊರಗೆ ಬರಲಿ. ಜಿಎಲ್ ಅನ್ನುವುದು ಗೇರ್ ಎಣ್ಣೆಯ ದರ್ಜೆ.

ಬೊಲೆರೊದಂಥ ಗಾಡಿಯಲ್ಲಿ ಟೇಲ್ ಪಿನಿಯನ್, ಅಂದರೆ ದೊಡ್ಡ ಕ್ರೌನ್ ಚಕ್ರವನ್ನು ತಿರುಗಿಸುವ ಚಿಕ್ಕ ಗೇರ್, ಕ್ರೌನ್‌ನ ನಡುಗೆರೆಗೆ ಸರಿಯಾಗಿ ಕೂತಿರುವುದಿಲ್ಲ, ಅದಕ್ಕಿಂತ ಕೆಳಗೆ ಇರುತ್ತದೆ. ಹೈಪಾಯ್ಡ್ ಅನ್ನುವುದು ಇದನ್ನೇ. ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಉದ್ದಕ್ಕೆ ಉಜ್ಜಿಕೊಂಡು ಜಾರುತ್ತವೆ. ಲೋಡ್ ಹೇರಿ ಘಟ್ಟ ಹತ್ತುವಾಗ ಅಲ್ಲಿ ಬೀಳುವ ಒತ್ತಡಕ್ಕೆ ಎಣ್ಣೆಯ ಪದರವೇ ಹಿಂಡಿಹೋಗುತ್ತದೆ. ಆಗ ಹಲ್ಲನ್ನು ಕಾಯುವುದು ಎಣ್ಣೆಯಲ್ಲಿರುವ ಗಂಧಕ–ರಂಜಕದ ಅಡಿಟಿವ್. ಬಿಸಿಗೆ ಉಕ್ಕಿನ ಜೊತೆ ಕೂಡಿ ತೆಳುವಾದ ಪದರ ಕಟ್ಟುತ್ತದೆ, ಹಲ್ಲಿನ ಬದಲು ಆ ಪದರ ಸವೆಯುತ್ತದೆ. ಜಿಎಲ್-5ರಲ್ಲಿ ಈ ಅಡಿಟಿವ್ ಜಿಎಲ್-4ಕ್ಕಿಂತ ಸುಮಾರು ಎರಡು ಪಟ್ಟು. ಜಿಎಲ್-4 ಹಾಕಿದರೆ ಗಾಡಿ ಅಲ್ಲೇ ನಿಂತುಹೋಗುವುದಿಲ್ಲ, ಹಾಗಾಗಿಯೇ ಯಾರಿಗೂ ಗೊತ್ತಾಗುವುದೂ ಇಲ್ಲ. ಹಲ್ಲಿನ ಮುಖದಲ್ಲಿ ಗೀರು ಬಿದ್ದು ನಿಧಾನಕ್ಕೆ ಸದ್ದು ಶುರುವಾಗುತ್ತದೆ.

ಹಾಗಂತ ಮಿಕ್ಕ ಜಿಎಲ್-5 ತೆಗೆದುಕೊಂಡು ಹೋಗಿ ಗೇರ್‌ಬಾಕ್ಸ್‌ಗೆ ಸುರಿಯಬೇಡಿ. ಅಲ್ಲಿ ಗೇರ್ ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗ್ ಇರುತ್ತದೆ. ಗಂಧಕ ಹಿತ್ತಾಳೆಯನ್ನು ತಿನ್ನಬಹುದು, ರಿಂಗ್ ಹಿಡಿಯಬೇಕಾದಲ್ಲಿ ಜಾರಿ ಗೇರ್ ಕರ್ ಅನ್ನುತ್ತದೆ. ಎರಡಕ್ಕೂ ಒಂದೇ ಡಬ್ಬಿ ಅನ್ನುವ ಗ್ಯಾರೇಜಿನಲ್ಲಿ ಡಬ್ಬಿ ತಿರುಗಿಸಿ ಹಿಂಬದಿಯ ಚಿಕ್ಕ ಅಕ್ಷರ ಓದಿ. ಮುಂದೆ ದೊಡ್ಡದಾಗಿ ಬರೆದ 90 ಎಷ್ಟು ದಪ್ಪ ಅಂತ ಹೇಳುತ್ತದೆಯೇ ಹೊರತು ಯಾವ ಜಾತಿ ಅಂತ ಹೇಳುವುದಿಲ್ಲ.

ಈಗ ದಪ್ಪದ ವಿಚಾರ. 80ಡಬ್ಲ್ಯೂದಲ್ಲಿನ ಮೊದಲ ಅಂಕಿ ಚಳಿಗೆ ಸಂಬಂಧಿಸಿದ್ದು. 80ಡಬ್ಲ್ಯೂವನ್ನು ಅಳೆಯುವುದು ಮೈನಸ್ 26 ಡಿಗ್ರಿಯಲ್ಲಿ, 75ಡಬ್ಲ್ಯೂವನ್ನು ಮೈನಸ್ 40ರಲ್ಲಿ. ಶಿರಸಿಯ ಮಾಗಿ ಚಳಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ನಿಮಗೆ ಬೇಕಾದದ್ದು ಎರಡನೇ ಅಂಕಿ, ಅಂದರೆ 100 ಡಿಗ್ರಿಯಲ್ಲಿ ಎಣ್ಣೆ ಎಷ್ಟು ಮಂದ ಅನ್ನುವುದು. ಈಗಿನ ಲೆಕ್ಕದಲ್ಲಿ 90 ಅಂದರೆ 13.5ರಿಂದ 18.5 ಸೆಂಟಿಸ್ಟೋಕ್, 140 ಅಂದರೆ 24ರಿಂದ 32.5. ನಡುವೆ 110 ಅಂತ ಇನ್ನೊಂದಿದೆ, ಅಂಗಡಿಯಲ್ಲಿ ಸಿಗುವುದು ಕಡಿಮೆ. ಗಾಡಿಯ ಪುಸ್ತಕದಲ್ಲಿ 90 ಇದ್ದರೆ 90 ಹಾಕಿ. 140 ಹಾಕಿದರೆ ಸದ್ದು ಸ್ವಲ್ಪ ತಗ್ಗುವುದು ನಿಜ, ಆದರೆ ಅದು ಬೇರಿಂಗ್ ರಿಪೇರಿ ಅಲ್ಲ. ಎಣ್ಣೆ ಕಲಕುವುದಕ್ಕೇ ಶಕ್ತಿ ಹೋಗಿ ಬಿಸಿ ಹೆಚ್ಚುತ್ತದೆ, ತಣ್ಣಗಿರುವಾಗ ಮುಂದಿನ ಪಿನಿಯನ್ ಬೇರಿಂಗ್‌ಗೆ ಹೋಗಿ ಮುಟ್ಟುವುದೂ ತಡ. ಪುಸ್ತಕವೇ ಭಾರದ ಓಟಕ್ಕೆ 85ಡಬ್ಲ್ಯೂ-140 ಅಂತ ಬರೆದಿದ್ದರೆ ಮಾತು ಬೇರೆ.

ಸಿಂಥೆಟಿಕ್ 75ಡಬ್ಲ್ಯೂ-90 ಜಿಎಲ್-5 ಹಾಕಿದರೂ ತಪ್ಪಿಲ್ಲ, ಬಿಸಿ ಚೆನ್ನಾಗಿ ತಡೆಯುತ್ತದೆ. ಆದರೆ ಹಳ್ಳ ದಾಟುವ ಗಾಡಿಗೆ ದುಬಾರಿ ಎಣ್ಣೆ ಹಾಕಿ ವರ್ಷಗಟ್ಟಲೆ ಬಿಡುವುದಕ್ಕಿಂತ ಸಾಧಾರಣ ಎಣ್ಣೆ ಬೇಗ ಬೇಗ ಬದಲಿಸುವುದೇ ಮೇಲು.

ದೇವಿಮನೆ ತಿರುವು

ಸೆಟ್ ಬದಲಿಸುವ ಮಾತು ಈಗಲೇ ಬೇಡ ಮಾರಾಯ್ರೆ. ಸದ್ದು ಎಲ್ಲಿಂದ ಅಂತ ಮೊದಲು ಬೇರೆ ಮಾಡಿಕೊಳ್ಳಿ.

ನುಣುಪಾದ ಡಾಂಬರಿನಿಂದ ಒರಟು ರಸ್ತೆಗೆ ಹೋದಾಗ ಸದ್ದು ಬದಲಾದರೆ ಟೈರ್. ಎಡಕ್ಕೆ ಬಲಕ್ಕೆ ತಿರುಗಿಸುವಾಗ ಏರಿಳಿದರೆ ಚಕ್ರದ ಬೇರಿಂಗ್. ಗಾಡಿ ಹೊರಡುವಾಗ, ರಿವರ್ಸ್ ಹಾಕುವಾಗ ಟಕ್ ಅಂದರೆ ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟ್ ಕ್ರಾಸ್ ನೋಡಿ. ತಿರುವಿನಲ್ಲಿ ಮಾತ್ರ ಕಟಕಟ ಅಂದರೆ ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಒಳಗಿನ ಸ್ಟಾರ್ ಗೇರ್. ಎಳೆಯುವಾಗ ಮಾತ್ರ, ಅದೂ ಒಂದು ವೇಗದ ಪಟ್ಟಿಯೊಳಗೆ ಮಾತ್ರ ಕುಂಯ್ ಅಂದರೆ ಹಲ್ಲಿನ ಎಳೆಯುವ ಮುಖ ಸವೆದಿದೆ ಅಥವಾ ಪಿನಿಯನ್ ಬೇರಿಂಗ್ ಸಡಿಲಾಗಿ ಹಲ್ಲು ಕೂರುವ ಜಾಗ ಸರಿದಿದೆ. ನಿಮ್ಮದು ಈ ಕೊನೆಯದಕ್ಕೆ ಹತ್ತಿರ.

ಇನ್ನೊಂದು, ಆಕ್ಸಲ್ ಕೊಳವೆಯ ಮೇಲೆ ಚಿಕ್ಕ ಟೊಪ್ಪಿಯಂಥ ಬ್ರೀದರ್ ಇರುತ್ತದೆ, ಅದನ್ನು ನೋಡಿದ್ದೀರಾ? ನಮ್ಮ ಕಡೆಯ ಕೆಮ್ಮಣ್ಣು ಒಣಗಿ ಅದರೊಳಗೆ ಸಿಮೆಂಟಿನ ಹಾಗೆ ಕೂರುತ್ತದೆ. ಅದು ಕಟ್ಟಿದರೆ ಒಳಗಿನ ಬಿಸಿ ಗಾಳಿಗೆ ದಾರಿ ಇಲ್ಲ, ಸೀಲ್‌ನ ತುಟಿಯನ್ನೇ ಎಬ್ಬಿಸಿ ಎಣ್ಣೆ ದೂಡುತ್ತದೆ. ಮೂತಿಯ ಪಸೆಗೆ ಅರ್ಧ ಕಾರಣ ಅದೇ ಇರಬಹುದು. ಘಟ್ಟ ಹತ್ತಿ ಕಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಇದರ ಉಲ್ಟಾ. ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆದುಕೊಳ್ಳುತ್ತದೆ, ಸೀಲ್ ಹತ್ತಿರ ನೀರು ನಿಂತಿದ್ದರೆ ನೀರನ್ನೇ.

ಅಘನಾಶಿನಿ ಈಕೊ

ನಡುವೆ ಬಾಯಿ ಹಾಕುತ್ತಿದ್ದೇನೆ. ಈಕೊಗೂ ಇದೇ ಕ್ರಮವಾ? ತಮ್ಮನದು ಇನೋವಾ ಹೈಕ್ರಾಸ್, ಅದಕ್ಕೆ ಎಷ್ಟು ಲೀಟರ್ ಬೇಕು?

ಕೋಡಿಬಾಗ ಪಾನಾ

ಈಕೊಗೆ ಹಿಂದೆ ಕ್ರೌನ್ ಇದೆ, ಕ್ರಮ ಇದೇ. ಹೈಕ್ರಾಸ್‌ಗೆ ಹಿಂದೆ ಏನೂ ಇಲ್ಲ, ಅದು ಮುಂಚಕ್ರದ ಗಾಡಿ. ಕ್ರಿಸ್ಟಾವರೆಗಿನ ಇನೋವಾಗಳಿಗೆ ಇತ್ತು.

ಹುಲೇಕಲ್‌ನವರೇ, ಮನೆಯಲ್ಲೇ ಮಾಡಬಹುದು. ಬೊಲೆರೊ ಎತ್ತರವಿದೆ, ಜಾಕ್ ಬೇಡ, ಅಂಗಳ ಸಮತಟ್ಟಾಗಿದ್ದರೆ ಅಡಿಗೆ ಮಲಗಿಯೇ ಆಗುತ್ತದೆ. ಎತ್ತಲೇಬೇಕಾದರೆ ಎರಡೂ ಕಡೆ ಸ್ಟ್ಯಾಂಡ್ ಕೊಟ್ಟು ಮಟ್ಟ ಮಾಡಿ, ಮುಂದಿನ ಚಕ್ರಕ್ಕೆ ಅಡೆ ಕೊಡಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂಚಕ್ರವನ್ನು, ಹಿಂಚಕ್ರ ಗಾಳಿಯಲ್ಲಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಚಿರೇಕಲ್ಲು ಜೋಡಿಸಿ ಅದರ ಮೇಲೆ ಆಕ್ಸಲ್ ಕೂರಿಸಬೇಡಿ. ಒದ್ದೆ ಚಿರೇಕಲ್ಲು ಹೇಳದೆ ಕೇಳದೆ ಪುಡಿಯಾಗುತ್ತದೆ.

ಹತ್ತು–ಹದಿನೈದು ಕಿ.ಮೀ. ಓಡಿಸಿ ಬನ್ನಿ, ಎಣ್ಣೆ ಬೆಚ್ಚಗಾದರೆ ಪೂರ್ತಿ ಇಳಿಯುತ್ತದೆ. ಆಮೇಲೆ ಮೇಲಿನ ತುಂಬುವ ಪ್ಲಗ್ ಮೊದಲು ಬಿಚ್ಚಿ. ಕೆಳಗಿನದನ್ನು ಬಿಚ್ಚಿ ಎಣ್ಣೆ ಖಾಲಿ ಮಾಡಿದ ಮೇಲೆ ಮೇಲಿನದು ತುಕ್ಕು ಹಿಡಿದು ಅಲ್ಲಾಡದಿದ್ದರೆ ಗಾಡಿ ಅಂಗಳದಲ್ಲೇ ಉಳಿಯುತ್ತದೆ. ಕಾರವಾರದ ಉಪ್ಪುಗಾಳಿ ತಿಂದ ಗಾಡಿಗಳಲ್ಲಿ ಇದು ಮಾಮೂಲಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಪ್ಲಗ್‌ಗೆ ಚೌಕ ತೂತಿದ್ದರೆ ಅದರ ಕೆಸರನ್ನು ಮೊಳೆಯಿಂದ ಕೆರೆದು ತೆಗೆದು, ರ್‍ಯಾಚೆಟ್‌ನ ತುದಿ ಪೂರ್ತಿ ಒಳಗೆ ಕೂತ ಮೇಲೆ ತಿರುಗಿಸಿ. ಅರ್ಧ ಕೂತಿರುವಾಗ ಬಲ ಹಾಕಿದರೆ ಮೂಲೆ ಉರುಟಾಗುತ್ತದೆ.

ಕೆಳಗಿನ ಪ್ಲಗ್‌ನಲ್ಲಿ ಸಾಮಾನ್ಯವಾಗಿ ಅಯಸ್ಕಾಂತ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಸಹಜ ಸವೆತ. ಬೆರಳಲ್ಲಿ ಹಿಡಿಯಲು ಬರುವ ಚೂರು, ಸೂಜಿಯಂಥ ಎಳೆ, ಹಲ್ಲಿನ ಮೂಲೆ ಸಿಕ್ಕರೆ ಎಣ್ಣೆ ತುಂಬುವ ಮೊದಲು ಕ್ರೌನ್ ಬಿಚ್ಚಿಸಿ ನೋಡಬೇಕು. ಎಣ್ಣೆಯನ್ನು ಅಗಲ ಬೋಗುಣಿಗೆ ಹಿಡಿದು ಬಿಸಿಲಲ್ಲಿ ಅಲ್ಲಾಡಿಸಿ. ಕಪ್ಪಗಿದ್ದರೆ ಹಳತಾಗಿದೆ ಅಷ್ಟೇ, ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ನೀರು ಹೊಕ್ಕಿದೆ.

ಪ್ಲಗ್‌ಗೆ ವಾಷರ್ ಇದ್ದರೆ ಹೊಸದು ಹಾಕಿ. ಬಿಗಿ ಪುಸ್ತಕದಲ್ಲಿದ್ದಷ್ಟೇ. ವಾಷರ್ ಇರುವ ಪ್ಲಗ್‌ಗೆ ಎಷ್ಟೋ ಗಾಡಿಗಳಲ್ಲಿ 40ರಿಂದ 50 ನ್ಯೂಟನ್ ಮೀಟರ್. ವಾಷರ್ ಇಲ್ಲದ, ತುದಿ ಸಪೂರವಾಗುವ ಪ್ಲಗ್ ಆಗಿದ್ದರೆ ಉದ್ದ ಪೈಪ್ ಸಿಕ್ಕಿಸಿ ಎಳೆಯಬೇಡಿ, ಹೌಸಿಂಗ್ ಬಿರುಕು ಬಿಡುತ್ತದೆ.

ತುಂಬಲು ಪಾರದರ್ಶಕ ಪೈಪ್ ಮತ್ತು ಎಣ್ಣೆ ಪಂಪ್ ಇದ್ದರೆ ಸಲೀಸು. ಎಷ್ಟು ಲೀಟರ್ ಅನ್ನುವುದನ್ನು ಪುಸ್ತಕದಿಂದ ನೋಡಿ ತನ್ನಿ, ಅರ್ಧ ಲೀಟರ್ ಹೆಚ್ಚೇ ಇರಲಿ. ಕೊನೆಗೆ ತೀರ್ಮಾನ ಮಾಡುವುದು ತುಂಬುವ ತೂತು. ತೂತಿನ ಕೆಳ ಅಂಚಿಗೆ ಬಂದು ತೊಟ್ಟಿಕ್ಕಲು ಶುರುವಾದರೆ ಸಾಕು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಆಕ್ಸಲ್ ಕೊಳವೆಗಳಿಗೆ ಹರಿದು ಮಟ್ಟ ಇಳಿದಿರುತ್ತದೆ. ಗಾಡಿ ಮೂತಿ ಎತ್ತಿ ನಿಂತಿದ್ದರೆ ಈ ಲೆಕ್ಕವೆಲ್ಲ ಸುಳ್ಳು. ಹೆಚ್ಚು ತುಂಬಿದರೆ ನೊರೆ ಎದ್ದು ಬ್ರೀದರ್‌ನಿಂದ ಉಕ್ಕುತ್ತದೆ, ಸೀಲ್ ದಾಟಿದರೆ ಬ್ರೇಕ್ ಡ್ರಮ್ಮಿಗೆ ಹೋಗುತ್ತದೆ.

ಹುಲೇಕಲ್ ರಸ್ತೆ

ಮಾಡಿದೆ. ಇಳಿದದ್ದು ಬೂದು ಕಾಫಿ ಬಣ್ಣ, ಅಯಸ್ಕಾಂತದ ಮೇಲೆ ಪೇಸ್ಟ್ ದಪ್ಪಗಿತ್ತು, ಚೂರು ಇಲ್ಲ. ಬ್ರೀದರ್ ಪೂರ್ತಿ ಕಟ್ಟಿತ್ತು, ಟೊಪ್ಪಿ ತಿರುಗುತ್ತಲೇ ಇರಲಿಲ್ಲ. ಜಿಎಲ್-5 80ಡಬ್ಲ್ಯೂ-90 ಹಾಕಿದ್ದೇನೆ. ಸದ್ದು ಅರ್ಧಕ್ಕರ್ಧ ತಗ್ಗಿದೆ, ಪೂರ್ತಿ ಹೋಗಿಲ್ಲ. ಪಸೆ ಇನ್ನೂ ಇದೆ. ಒಳಗೆ ಡೀಸೆಲ್ ಹಾಕಿ ತೊಳೆಯಬೇಕಿತ್ತು ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ.

ದೇವಿಮನೆ ತಿರುವು

ಡೀಸೆಲ್ ಬೇಡ. ಕೊಳವೆಗಳ ಮೂಲೆಯಲ್ಲಿ ಉಳಿದದ್ದು ಹೊಸ ಎಣ್ಣೆಯನ್ನು ತೆಳು ಮಾಡುತ್ತದೆ. ನೀರು ಹೊಕ್ಕ ಕ್ರೌನ್ ತೊಳೆಯುವುದು ಅದೇ ಎಣ್ಣೆಯಿಂದಲೇ. ಈಗ ಹಾಕಿದ್ದನ್ನು ತೊಳೆಯುವ ಎಣ್ಣೆ ಅಂದುಕೊಂಡು, ಲೋಡ್ ಹಾಕದೆ 200–300 ಕಿ.ಮೀ. ಓಡಿಸಿ ಮತ್ತೆ ಇಳಿಸಿ. ಮತ್ತೆ ಮಸುಕಾಗಿ ಬಂದರೆ ಇನ್ನೊಮ್ಮೆ. ಹೊಸ ಡಬ್ಬಿಯ ದುಡ್ಡು ಬೇರಿಂಗ್ ಸೆಟ್ಟಿನ ಎದುರು ಏನೂ ಅಲ್ಲ. ನೀರು ನಿಂತ ಕಡೆ ರೋಲರ್ ಮೇಲೆ ತುಕ್ಕಿನ ಚುಕ್ಕೆ ಬೀಳುತ್ತದೆ, ಆಮೇಲೆ ಯಾವ ಎಣ್ಣೆಯೂ ಅದನ್ನು ಅಳಿಸದು. ಉಪ್ಪುನೀರಾದರೆ ಕಾಯುವ ಮಾತೇ ಇಲ್ಲ, ಅದೇ ದಿನ ಬದಲಿಸಬೇಕು. ಕಡಲ ದಂಡೆಯಲ್ಲಿ ಮೀನಿನ ಬುಟ್ಟಿ ಹೇರಲು ಅಲೆಯ ತನಕ ಇಳಿಸುವವರು ಇದನ್ನು ನೆನಪಿಡಿ.

ಬ್ರೀದರ್ ಇದ್ದಲ್ಲೇ ಬಿಡಬೇಡಿ. ಅದೇ ಥ್ರೆಡ್‌ನ ಹೋಸ್ ನಿಪ್ಪಲ್ ಹಾಕಿ, ಎಣ್ಣೆ ತಡೆಯುವ ನೈಟ್ರೈಲ್ ಪೈಪ್ ಜೋಡಿಸಿ ಚಾಸಿಯ ಮೇಲೆ, ಸಾಧ್ಯವಾದರೆ ಟೇಲ್‌ಲೈಟ್ ಎತ್ತರಕ್ಕೆ ಒಯ್ದು ಬ್ರೀದರ್ ಅಲ್ಲಿ ಕೂರಿಸಿ. ಆಕ್ಸಲ್ ಏರಿಳಿಯುವಾಗ ಎಳೆಯದಂತೆ ಪೈಪ್ ಸಡಿಲ ಇರಲಿ. ತೋಟಕ್ಕೆ ನೀರು ಬಿಡುವ ಪ್ಲಾಸ್ಟಿಕ್ ಪೈಪ್ ಬಿಸಿ ಎಣ್ಣೆಗೆ ಗಟ್ಟಿಯಾಗಿ ಒಡೆಯುತ್ತದೆ.

ಅರಬೈಲ್ ಎರಡನೇ ಗೇರು

ಪಸೆ ಉಳಿದಿದ್ದರೆ ಪಿನಿಯನ್ ಸೀಲ್ ಹೋಗಿದೆ. ಈ ಕೆಲಸದಲ್ಲೇ ಬಹಳ ಗಾಡಿಗಳು ಹಾಳಾಗುತ್ತವೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸೀಲ್ ಬದಲಿಸಲು ಪಿನಿಯನ್ ನಟ್ ಬಿಚ್ಚಬೇಕು. ಎಷ್ಟೋ ಆಕ್ಸಲ್‌ಗಳಲ್ಲಿ ಆ ನಟ್‌ನ ಹಿಂದೆ, ಎರಡು ಬೇರಿಂಗ್‌ಗಳ ನಡುವೆ, ಕುಸಿಯುವ ಸ್ಪೇಸರ್ ಕೊಳವೆ ಇರುತ್ತದೆ. ನಟ್ ಬಿಗಿದಷ್ಟೂ ಅದು ಕುಸಿಯುತ್ತದೆ, ಬೇರಿಂಗ್‌ನ ಬಿಗಿ ನಿರ್ಧಾರವಾಗುವುದು ಅದರಿಂದಲೇ. ಒಮ್ಮೆ ಕುಸಿದದ್ದು ಹಿಂದಕ್ಕೆ ಬರುವುದಿಲ್ಲ. ಗಾಳಿ ಗನ್ ಹಿಡಿದು ಗರ್ ಅಂತ ಬಿಗಿದರೆ ಬೇರಿಂಗ್ ಅತಿ ಬಿಗಿಯಾಗಿ, ಕೆಲವೇ ದಿನದಲ್ಲಿ ಮೂತಿ ಮುಟ್ಟಲಾಗದಷ್ಟು ಕಾದು ಊಳಿಡಲು ಶುರು.

ಬಿಚ್ಚುವ ಮೊದಲು ಪ್ರೊಪೆಲ್ಲರ್ ಶಾಫ್ಟ್‌ಗೂ ಅದು ಬೋಲ್ಟ್ ಆಗುವ ಪಿನಿಯನ್ ತುದಿಯ ಫ್ಲ್ಯಾಂಜ್‌ಗೂ ಸೇರಿಸಿ ಒಂದು ಗುರುತು, ನಟ್‌ಗೂ ಪಿನಿಯನ್ ತುದಿಗೂ ಇನ್ನೊಂದು ಗುರುತು ಹಾಕಿಸಿ. ಹೊರಗೆ ಎಷ್ಟು ಥ್ರೆಡ್ ಕಾಣುತ್ತದೆ ಎಣಿಸಿಕೊಳ್ಳಿ. ಹಿಂಚಕ್ರ ಎತ್ತಿ, ಡ್ರಮ್ ಬಿಚ್ಚಿ, ಪಿನಿಯನ್ ತಿರುಗಿಸಲು ಎಷ್ಟು ಬಲ ಬೇಕು ಅಂತ ಸಣ್ಣ ಅಳತೆಯ ಟಾರ್ಕ್ ಪಾನಾದಲ್ಲಿ ನೋಡಿ ಬರೆದಿಡಿ. ಆಗಲೇ ಫ್ಲ್ಯಾಂಜ್ ಹಿಡಿದು ಮೇಲೆ ಕೆಳಗೆ, ಒಳಗೆ ಹೊರಗೆ ಅಲ್ಲಾಡಿಸಿ. ಆಟ ಕಂಡರೆ ಬೇರಿಂಗ್ ಹೋಗಿದೆ, ಬರೀ ಸೀಲ್ ಹಾಕಿ ಪ್ರಯೋಜನವಿಲ್ಲ. ಸುತ್ತ ತಿರುಗಿಸುವಾಗಿನ ಸಣ್ಣ ಆಟ ಬೇರೆ, ಅದು ಹಲ್ಲಿನ ನಡುವಿನ ಸಹಜ ಸಡಿಲ.

ಹೊಸ ಸೀಲ್‌ನ ತುಟಿಗೆ ಎಣ್ಣೆ ಹಚ್ಚಿ ನೇರ ಕೂರಿಸಿ. ಫ್ಲ್ಯಾಂಜ್‌ನಲ್ಲಿ ಸೀಲ್ ಉಜ್ಜುವ ಜಾಗಕ್ಕೆ ಉಗುರು ಎಳೆದು ನೋಡಿ, ಗೀರು ಉಗುರಿಗೆ ಸಿಕ್ಕರೆ ಫ್ಲ್ಯಾಂಜ್ ಬದಲಿಸಬೇಕು, ಇಲ್ಲದಿದ್ದರೆ ಎಷ್ಟು ಸೀಲ್ ಹಾಕಿದರೂ ಸೋರುತ್ತದೆ. ನಟ್ ಹೊಸದು ಹಾಕಿ, ಥ್ರೆಡ್ ಲೆಕ್ಕದಲ್ಲಿ ಹಳೆಯ ಜಾಗಕ್ಕೆ ಕೈಪಾನಾದಿಂದ ತನ್ನಿ. ಆಮೇಲೆ ಕೂದಲೆಳೆಯಷ್ಟು ಬಿಗಿಯುತ್ತಾ ತಿರುಗುವ ಬಲ ನೋಡುತ್ತಾ ಹೋಗಿ, ಬರೆದಿಟ್ಟದ್ದಕ್ಕಿಂತ ಒಂದು ಚೂರು ಹೆಚ್ಚಾದ ಕೂಡಲೇ ನಿಲ್ಲಿಸಿ. ಕುಸಿಯುವ ಸ್ಪೇಸರ್ ಬದಲು ಗಟ್ಟಿ ಸ್ಪೇಸರ್ ಮತ್ತು ಶಿಮ್ (ಅಂತರ ಹೊಂದಿಸುವ ತೆಳು ತಗಡು) ಇರುವ ಆಕ್ಸಲ್ ಆದರೆ ನಟ್‌ಗೆ ಪುಸ್ತಕದ ಟಾರ್ಕ್ ನೇರ ಕೊಡಬಹುದು. ನಿಮ್ಮದರಲ್ಲಿ ಯಾವುದಿದೆ ಅಂತ ಬಿಡಿಭಾಗದ ಅಂಗಡಿಯಲ್ಲಿ ಚಾಸಿ ನಂಬರ್ ಕೊಟ್ಟರೆ ಗೊತ್ತಾಗುತ್ತದೆ.

ಉಳಿದ ಸದ್ದು ಏರದೆ ಹಾಗೇ ಇದ್ದರೆ ಗಾಡಿ ಓಡಿಸಿ. ಸವೆದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಆದರೆ ಸರಿಯಾದ ಎಣ್ಣೆಯಲ್ಲಿ ಬಹಳ ಕಾಲ ಬರುತ್ತದೆ. ಕಾಲು ತೆಗೆದಾಗಲೂ ಕೇಳತೊಡಗಿದರೆ, ಗರ್ ಅಂತ ಒರಟಾದರೆ, ಆಗ ಬಿಚ್ಚಿಸಿ. ಕ್ರೌನ್ ಮತ್ತು ಟೇಲ್ ಪಿನಿಯನ್ ಜೋಡಿಯಾಗಿಯೇ ಬದಲಾಗಬೇಕು, ಬೇರೆ ಗಾಡಿಯಿಂದ ಒಂದನ್ನು ಮಾತ್ರ ತಂದು ಕೂಡಿಸುವವರ ಮಾತು ಕೇಳಬೇಡಿ.

ಹುಲೇಕಲ್ ರಸ್ತೆ

ಫ್ಲ್ಯಾಂಜ್ ಅಲ್ಲಾಡಿಸಿ ನೋಡಿದೆ, ಆಟ ಇಲ್ಲ. ಸೀಲ್ ಹಾಕಿಸುತ್ತೇನೆ. ಎಡ ಹಿಂಚಕ್ರದ ಒಳಬದಿಯಲ್ಲೂ ತುಸು ಎಣ್ಣೆ ಕಂಡಿತು. ಹಳೆ ಎಣ್ಣೆ ಬೇಲಿ ಗೂಟಕ್ಕೆ ಬಳಿಯಬಹುದೋ?

ಕೋಡಿಬಾಗ ಪಾನಾ

ಒರಲೆಗೆ ಅಂತ ಬಳಿಯುವ ರೂಢಿ ಇದೆ, ಆದರೆ ಮೊದಲ ಮಳೆಗೆ ತೊಳೆದು ತೋಟದ ಬಾವಿಗೇ ಹೋಗುತ್ತದೆ. ಕ್ಯಾನಿಗೆ ತುಂಬಿ, ಹಳೆ ಎಣ್ಣೆ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಕೊಡಿ.

ಎಡಚಕ್ರದ್ದು ಆಕ್ಸಲ್ ಸೀಲ್ ಇರಬೇಕು. ಡ್ರಮ್ ಇವತ್ತೇ ಬಿಚ್ಚಿ ನೋಡಿ. ವಾಸನೆ ನೋಡಿದರೆ ಗೊತ್ತಾಗುತ್ತದೆ, ಕ್ರೌನ್ ಎಣ್ಣೆಗೆ ಗಂಧಕದ ಗಬ್ಬು ಇರುತ್ತದೆ. ಅದಿಲ್ಲದೆ ತೆಳ್ಳಗಿದ್ದರೆ ಬ್ರೇಕ್ ಆಯಿಲ್, ಆಗ ವೀಲ್ ಸಿಲಿಂಡರ್ ಸೋರುತ್ತಿದೆ. ಯಾವುದೇ ಇರಲಿ, ಲೈನಿಂಗ್‌ಗೆ ಎಣ್ಣೆ ತಾಗಿದ್ದರೆ ಪೆಟ್ರೋಲಿನಲ್ಲಿ ತೊಳೆದು ಮರಳು ಕಾಗದ ತಿಕ್ಕಿ ಮತ್ತೆ ಹಾಕಬೇಡಿ. ಒಳಗೆ ಇಂಗಿದ ಎಣ್ಣೆ ಬ್ರೇಕ್ ಕಾದಾಗ ಮೇಲೆ ಬರುತ್ತದೆ, ಘಟ್ಟ ಇಳಿಯುವಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಎರಡೂ ಕಡೆಯ ಶೂ ಹೊಸದು ಹಾಕಿ, ಬ್ರೀದರ್ ಸರಿಯಾದ ಮೇಲೆಯೇ ಸೀಲ್ ಕೂರಿಸಿ.