ಪಟೇಲಗಿರಿ ಹೋಗಿ ಶಾನುಭೋಗಿಕೆ ಬಂತು

ಗ್ಯಾರೇಜಿನ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಮೆಗಾಸ್ಕ್ವರ್ಟ್ 3 ಎಂಬ ಎಂಜಿನ್ ಕಂಪ್ಯೂಟರನ್ನು (ಇಸಿಯು) ಇಳಿಸಿ, ಅದನ್ನು ರೇಸ್ ಕಾರಿನ ಡೇಟಾ ಲಾಗರ್, ಅಂದರೆ ಸೆನ್ಸರುಗಳ ಅಳತೆ ಬರೆದಿಡುವ ಪೆಟ್ಟಿಗೆ, ಮಾಡೋಣವೆಂದು ಮೇಷ್ಟ್ರು ಹೇಳಿದಾಗ, ಆ ಕಾರನ್ನು ಓಡಿಸುವ ನಮ್ಮ ಭಾವ ಚಹಾದ ಲೋಟವನ್ನು ಬಾನೆಟ್ಟಿನ ಮೇಲಿಟ್ಟು ನಕ್ಕರು.

“ಕಂಪನಿಯ ಇಸಿಯು ಇದ್ದೇ ಇದೆ, ಅದನ್ನು ಬದಲಾಯಿಸಬಾರದೆಂಬ ನಿಯಮವೂ ನಮ್ಮ ರೇಸಿನ ವರ್ಗಕ್ಕೆ ಇದೆ. ಒಂದೇ ಊರಿಗೆ ಇಬ್ಬರು ಪಟೇಲರು ಏಕೆ, ಮೇಷ್ಟ್ರೇ?”

“ಇದು ಪಟೇಲನಲ್ಲ, ಶಾನುಭೋಗ. ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್, ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಯಾವುದನ್ನೂ ಇದಕ್ಕೆ ಜೋಡಿಸುವುದಿಲ್ಲ. ಸೆನ್ಸರುಗಳು ಕೊಡುವ 0ಯಿಂದ 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಅಳೆದು ತನ್ನ ಎಸ್‌ಡಿ ಕಾರ್ಡಿನಲ್ಲಿ ಬರೆದುಕೊಳ್ಳುತ್ತದೆ, ಅಷ್ಟೇ. ಸಸ್ಪೆನ್ಷನ್ನಿಗೆ 100 ಮಿಲಿಮೀಟರ್ ಚಲಿಸುವ, ಚಲನೆಯನ್ನು ವೋಲ್ಟೇಜಾಗಿ ತೋರಿಸುವ ಪೊಟೆನ್ಷಿಯೋಮೀಟರ್ ಕಟ್ಟಿದರೆ ಒಂದು ಮೆಟ್ಟಿಲು ಎಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ.”

ಕೇಳುವವರಿಲ್ಲದಿದ್ದರೂ ಎಷ್ಟು ಪೆಟ್ರೋಲ್ ಸಿಂಪಡಿಸಬೇಕೆಂದು ಆ ಪೆಟ್ಟಿಗೆ ಲೆಕ್ಕ ಹಾಕುತ್ತಲೇ ಇರುತ್ತದೆ ಎಂಬುದು ಆಮೇಲೆ ತಿಳಿಯಿತು. ನಿವೃತ್ತರಾದ ಮೇಲೂ ಮನೆಯಲ್ಲಿ ಆಜ್ಞೆ ಹೊರಡಿಸುವ ನಮ್ಮ ದೊಡ್ಡಪ್ಪನವರ ನೆನಪಾಗಿ ನನಗೆ ಅದರ ಮೇಲೆ ಗೌರವವೇ ಹುಟ್ಟಿತು.

ತಂತಿ ಎಳೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹೊಸ ಸೆನ್ಸರಿನ ದುಡ್ಡು ಉಳಿಸಲೆಂದು ನಾನು ಎಂಜಿನ್ನಿನ ನೀರಿನ ಬಿಸಿ ಅಳೆಯುವ ಸೆನ್ಸರಿನಿಂದಲೇ ಒಂದು ಕವಲು ತೆಗೆದು ಶಾನುಭೋಗರಿಗೂ ಕೊಟ್ಟೆ. ಆ ಸಂಜೆ ಬಿಸಿಯಾದ ಎಂಜಿನ್ನು ಕರಿ ಹೊಗೆ ಉಗುಳಿತು. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಒಲೆಯಿಂದ ಇಳಿಸಿದ ಮಡಕೆಯ ತಳದಂತೆ ಮಸಿ.

“ಬರೆಯುವುದಷ್ಟೇ ಕೆಲಸ ಎಂದಿರಿ, ಶಾನುಭೋಗರು ಪಟೇಲರ ಕಿವಿ ಊದಿದ್ದಾರೆ!” ಎಂದು ಭಾವ ಕುಣಿದರು.

ಅವರ ಮಾತು ನಿಜವೇ ಆಗಿತ್ತು. ನೀರಿನ ಸೆನ್ಸರು ತಾನಾಗಿ ವೋಲ್ಟೇಜ್ ಕೊಡುವುದಿಲ್ಲ. ಇಸಿಯುವಿನೊಳಗಿರುವ ಪುಲ್‌ಅಪ್ ರೆಸಿಸ್ಟರು 5 ವೋಲ್ಟಿನಿಂದ ಅದಕ್ಕೆ ಕರೆಂಟು ಹರಿಸುತ್ತದೆ, ಮೆಗಾಸ್ಕ್ವರ್ಟಿನಲ್ಲಿ ಅದು 2490 ಓಮ್. ಎರಡು ಪೆಟ್ಟಿಗೆಗಳು ಒಂದೇ ಸೆನ್ಸರಿಗೆ ಕರೆಂಟು ಹರಿಸಿದರೆ ವೋಲ್ಟೇಜ್ ಏರುತ್ತದೆ. ಎರಡರ ರೆಸಿಸ್ಟರುಗಳೂ ಸಮವೆಂದು ಹಿಡಿದರೆ, 80 ಡಿಗ್ರಿಯಲ್ಲಿ ಸುಮಾರು 330 ಓಮ್ ಇರುವ ಸೆನ್ಸರು ಇಬ್ಬರ ಕಣ್ಣಿಗೂ 660 ಓಮಾಗಿ, ಅಂದರೆ 60 ಡಿಗ್ರಿಯಾಗಿ ಕಾಣುತ್ತದೆ. ಎಂಜಿನ್ನಿಗೆ ಇನ್ನೂ ಚಳಿಯೆಂದು ಕನಿಕರಪಟ್ಟ ಪಟೇಲರು ಪೆಟ್ರೋಲನ್ನು ಧಾರಾಳವಾಗಿ ಸುರಿದಿದ್ದರು. ಶಾನುಭೋಗರಿಗೆ ಬೇರೆಯೇ ಸೆನ್ಸರು ಹಾಕಿದ ಮೇಲೆ ಮನೆ ತಣ್ಣಗಾಯಿತು.

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನ 3.7 ಕಿಲೋಮೀಟರ್ ಟ್ರ್ಯಾಕಿನಲ್ಲಿ ಅಭ್ಯಾಸ ಮುಗಿಸಿ ಬಂದ ಭಾವ, ವೇಗದ ತಿರುವಿನಲ್ಲಿ ತಾವು ಆಕ್ಸಿಲರೇಟರಿನಿಂದ ಕಾಲು ತೆಗೆಯಲೇ ಇಲ್ಲ, ದೋಷವೆಲ್ಲ ಟಯರಿನದು ಎಂದು ವಾದಿಸಿದರು. ಮೇಷ್ಟ್ರು ಮಾತಾಡದೆ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದರು. ಆಕ್ಸಿಲರೇಟರನ್ನು ಎಷ್ಟು ತುಳಿದಿದ್ದಾರೆಂದು ತೋರಿಸುವ ಥ್ರಾಟಲ್ಲಿನ ಗೆರೆ ಪ್ರತಿ ಸುತ್ತಿನಲ್ಲೂ ಅದೇ ತಿರುವಿನಲ್ಲಿ ಶೇಕಡಾ 100ರಿಂದ 62ಕ್ಕೆ ಇಳಿದು, ಎರಡು ಕ್ಷಣ ಯೋಚಿಸಿ, ಮತ್ತೆ ಏರಿತ್ತು.

“ಇದಕ್ಕೂ ಕವಲು ತಂತಿಯನ್ನೇ ಕೊಟ್ಟಿದ್ದೀರಿ, ಇದೂ ಸುಳ್ಳು!” ಎಂದರು ಭಾವ.

“ಥ್ರಾಟಲ್ ಸೆನ್ಸರಿಗೆ ಮೂರು ತಂತಿ, ಭಾವ. ಅದು ತನ್ನ ವೋಲ್ಟೇಜನ್ನು ತಾನೇ ಕೊಡುತ್ತದೆ, ನಮ್ಮ ಪೆಟ್ಟಿಗೆ ಅದನ್ನು ಓದುತ್ತದೆ, ತಾನು ಕರೆಂಟು ಹರಿಸುವುದಿಲ್ಲ” ಎಂದು, ಹಿಂದಿನ ವಾರವಷ್ಟೇ ಕಲಿತಿದ್ದ ನಾನು ಹೇಳಿದೆ.

ಭಾವ ಆ ಗೆರೆಯನ್ನು ಬಹಳ ಹೊತ್ತು ದಿಟ್ಟಿಸಿ, ಮುಂದಿನ ರೇಸಿಗೆ ಆ ಒಂದು ತಂತಿಯನ್ನು ಮಾತ್ರ ಕತ್ತರಿಸಿಬಿಡೋಣ, ಕಾರಿನ ತೂಕ ಕಡಿಮೆಯಾಗುತ್ತದೆ ಎಂದರು.