ಪರೀಕ್ಷಾ ಭಯ ಅಳೆಯಲು ಯಾವ ಸ್ಕೇಲ್ ತೆಗೆದುಕೊಳ್ಳಲಿ?

ಪ್ರಶ್ನೆ (ಶಹಾಪುರ, ಎಂ.ಎ. ವಿದ್ಯಾರ್ಥಿನಿ)

ಯಾದಗಿರಿ ಜಿಲ್ಲೆಯ ಹಾಸ್ಟೆಲ್‌ಗಳಲ್ಲಿರುವ ಎಸ್‌ಎಸ್‌ಎಲ್‌ಸಿ ಹುಡುಗಿಯರ ಪರೀಕ್ಷಾ ಭಯದ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮೂರು ಸ್ಕೇಲ್ (ಅಳೆಯುವ ಪ್ರಶ್ನಾವಳಿ) ಸಿಕ್ಕಿವೆ. ಮೂರರದ್ದೂ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಂಕಿ) ಚೆನ್ನಾಗಿದೆ. ಸಿನಾಪ್ಸಿಸ್ ಕೊಡುವ ದಿನ ಹತ್ತಿರ ಬಂತು. ಯಾವುದು ಆರಿಸಲಿ?

ಉತ್ತರ (ಬೀದರ್)

ಸ್ಪೀಲ್‌ಬರ್ಗರ್ ಅವರ 1980ರ ಟೆಸ್ಟ್ ಆಂಕ್ಸೈಟಿ ಇನ್ವೆಂಟರಿ. 20 ಪ್ರಶ್ನೆ ಅಷ್ಟೇ. ವೈವಾದಲ್ಲಿ ತೊಂದರೆ ಆಗಲ್ಲ.

ಉತ್ತರ (ಕಲಬುರಗಿ, ಕಾಲೇಜಿನಲ್ಲಿ ಸೈಕಾಲಜಿ ಕಲಿಸುತ್ತೇನೆ)

ಸ್ವಲ್ಪ ತಡೆಯಿರಿ, ಸ್ಕೇಲ್ ಆಮೇಲೆ ನೋಡೋಣ. ಪರೀಕ್ಷಾ ಭಯ ಅಂದಾಗ ಆ ಹುಡುಗಿಗೆ ಏನಾಗುತ್ತಿದೆ ಅಂತ ನೀವು ಅಂದುಕೊಂಡಿದ್ದೀರಿ? ನಿಮ್ಮ ಪ್ರಶ್ನೆಯಲ್ಲಿ ಅದೇ ಇಲ್ಲ.

ಲೀಬರ್ಟ್ ಮತ್ತು ಮಾರಿಸ್ ಎಂಬ ಸಂಶೋಧಕರು 1967ರಲ್ಲೇ ಇದನ್ನು ಎರಡಾಗಿ ಬಿಡಿಸಿದರು. ಒಂದು, ತಲೆಯಲ್ಲಿ ಓಡುವ ಯೋಚನೆ: "ಎಲ್ಲರೂ ಬರೀತಿದ್ದಾರೆ, ನನಗೊಬ್ಬಳಿಗೇ ಬರ್ತಿಲ್ಲ." ಇನ್ನೊಂದು ಮೈಯಲ್ಲಿ ಆಗುವುದು, ಎದೆ ಡವಡವ, ಕೈ ಬೆವರು. ಅಂಕ ಇಳಿಯುವುದಕ್ಕೂ ಮೊದಲನೆಯದಕ್ಕೂ ನಂಟು ಜಾಸ್ತಿ. ಸ್ಪೀಲ್‌ಬರ್ಗರ್ ಸ್ಕೇಲ್‌ನಲ್ಲಿ ಎರಡೂ ಇವೆ. ಸುಮ್ನೆ ಒಟ್ಟು ಅಂಕ ಕೂಡಿಸಿದರೆ ಯಾವುದು ಎಷ್ಟು ಅಂತ ಗೊತ್ತಾಗಲ್ಲ.

ಇನ್ನು ನಮ್ಮ ಭಾಗದ ಮಾತು. ಫೇಲಾದರೆ ಓದು ಬಿಡಿಸಿ ಮದುವೆ ಮಾಡುತ್ತಾರೆ ಅಂತ ಹೆದರಿದ್ದನ್ನು ನನ್ನ ಕ್ಲಾಸಿನ ಹುಡುಗಿಯರೇ ನನ್ನ ಮುಂದೆ ಹೇಳಿದ್ದಾರೆ. ಅಲ್ಲಿ ಪ್ರಶ್ನೆಪತ್ರಿಕೆಗಿಂತ ಮನೆಯ ಭಯವೇ ದೊಡ್ಡದು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಆ ವರ್ಷ ಫಲಿತಾಂಶದಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆ. ಕ್ಯಾಮೆರಾ ಕಂಡು ಕೈ ನಡುಗಿದರೆ ಅದು ಪರೀಕ್ಷಾ ಭಯವೋ, ಬೇರೆಯೋ? ಅದನ್ನು ತೀರ್ಮಾನಿಸಬೇಕಾದವರು ನೀವು, ಅದೂ ಸ್ಕೇಲ್ ಕೈಗೆತ್ತಿಕೊಳ್ಳುವ ಮೊದಲು.

ಆಲ್ಫಾ ನೋಡಿ ಸಮಾಧಾನ ಪಡಬೇಡಿ. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆ ಅಂತಷ್ಟೇ ಅದು ಹೇಳುತ್ತದೆ. 1951ರಲ್ಲಿ ಆಲ್ಫಾ ಬಗ್ಗೆ ಬರೆದ ಕ್ರೋನ್‌ಬ್ಯಾಕ್ ಅವರೇ 1955ರಲ್ಲಿ ಮನಶ್ಶಾಸ್ತ್ರಜ್ಞ ಮೀಲ್ ಜೊತೆ ಸೇರಿ ಕನ್‌ಸ್ಟ್ರಕ್ಟ್ ವ್ಯಾಲಿಡಿಟಿ (ಸ್ಕೇಲ್ ಅಳೆಯಬೇಕಾದ್ದನ್ನೇ ಅಳೆಯುತ್ತದಾ ಅನ್ನುವುದು) ಬಗ್ಗೆ ಬರೆದರು. ನೀವು ಅಳೆಯುವುದು ಯಾವುದರ ಜೊತೆ ಏರಬೇಕು, ಯಾವುದರ ಜೊತೆ ಇಳಿಯಬೇಕು ಅಂತ ಮೊದಲೇ ಹೇಳಿದರೆ ತಾನೇ ಆಮೇಲೆ ಪರೀಕ್ಷೆ ಮಾಡಲು ಆಗುವುದು?

ಒಂದು ಹಾಳೆ ತೆಗೆದುಕೊಳ್ಳಿ. ಅದು ಏನು, ಯಾವಾಗ ಬರುತ್ತದೆ, ಯಾವುದು ಅದಲ್ಲ ಅಂತ ಬರೆಯಿರಿ. ವಾರ್ಡನ್ ಮತ್ತು ಪೋಷಕರ ಒಪ್ಪಿಗೆ ಪಡೆದು ನಾಲ್ಕೈದು ಹುಡುಗಿಯರ ಜೊತೆ ಕೂತು ಮಾತಾಡಿ, ಹಾಳೆ ತಿದ್ದಿ. ಆಮೇಲೆ ಮೂರೂ ಸ್ಕೇಲ್‌ಗಳ ಒಂದೊಂದು ಪ್ರಶ್ನೆಯನ್ನೂ ಅದರ ಪಕ್ಕ ಇಟ್ಟು ನೋಡಿ.

ಮತ್ತೆ ಶಹಾಪುರ

ಬರೆದೆ ಸರ್: "ಉತ್ತರ ಬರೆಯುವ ಹೊತ್ತಿನಲ್ಲಿ, ಸೋಲುತ್ತೇನೆ ಅನ್ನುವ ಯೋಚನೆ ಗಮನವನ್ನು ಎಳೆದುಕೊಂಡು ಹೋಗುವುದು. ಮೈ ನಡುಕ ಇದರಲ್ಲಿ ಸೇರಿಲ್ಲ. ದಿನಾ ಇರುವ ಕಳವಳವೂ ಸೇರಿಲ್ಲ." ಆದರೆ ಮದುವೆಯ ಭಯ ಬಿಟ್ಟುಬಿಡಲು ಮನಸ್ಸೇ ಇಲ್ಲ.

ಕಲಬುರಗಿ

ಈಗ ಅಳೆಯಲು ಏನೋ ಒಂದು ಸಿಕ್ಕಿತು. ಸ್ಪೀಲ್‌ಬರ್ಗರ್ ಇನ್ವೆಂಟರಿಯಲ್ಲಿ ಯೋಚನೆಯ ಭಾಗದ 8 ಪ್ರಶ್ನೆಗಳಿವೆ, ಮೊದಲು ಅವನ್ನು ನೋಡಿ. ಕನ್ನಡಕ್ಕೆ ತರುವ ಮುಂಚೆ ಪ್ರಕಾಶಕರ ಅನುಮತಿ ಕೇಳಿ. ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಕೂಡಲೇ ಈ ಪ್ರಶ್ನೆಗಳನ್ನು ಕೊಟ್ಟರೆ ಒಳ್ಳೆಯದು. ಮದುವೆಯ ಭಯವನ್ನು ದಯವಿಟ್ಟು ಬಿಡಬೇಡಿ. ಅದಕ್ಕೆ ಬೇರೆ ವಿವರಣೆ ಬರೆದು, ಬೇರೆ ಪ್ರಶ್ನೆ ಇಡಿ, ಎರಡರ ಅಂಕ ಕೂಡಿಸಬೇಡಿ. ಆ ಭಯ ಜಾಸ್ತಿ ಇರುವವರಲ್ಲಿ ಈ ಯೋಚನೆಯೂ ಜಾಸ್ತಿ ಇರುತ್ತದಾ? ನಿಮ್ಮ ಪ್ರಾಜೆಕ್ಟ್ ಕೇಳಬೇಕಾದ ಪ್ರಶ್ನೆ ಇದೇ ಅಂತ ನನಗನಿಸುತ್ತದೆ.