ಸಹಾಯ ಬೇಕು: ಮನೇಲಿ ಮಾಡಿದ ಫಿಲ್ಟರಿಂದ ಕಪ್ಪು ನೀರು ಬರ್ತಿದೆ

ಎಲ್ರಿಗೂ ನಮಸ್ಕಾರ, ನಮ್ದು ಪಾವಗಡದ ಹತ್ರ ಒಂದು ಹಳ್ಳಿ. ಈ ಕಡೆ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ನಿಮಗೂ ಗೊತ್ತಿರುತ್ತೆ, ಊರಿನ ಶುದ್ಧ ನೀರಿನ ಘಟಕ ಬೇರೆ ಕೆಟ್ಟು ಒಂದೂವರೆ ತಿಂಗ್ಳಾಯ್ತು, ದಿನಾ ಪಕ್ಕದೂರಿಂದ ಗಾಡೀಲಿ ಕ್ಯಾನ್ ಹೊತ್ಕೊಂಡ್ ಬರೋದೇ ಕೆಲಸ. ಮರಳು, ಇದ್ದಿಲಲ್ಲಿ ಸೋಸಿದ್ರೆ ಫ್ಲೋರೈಡ್ ಹೋಗಲ್ಲ, ಕುದಿಸಿದ್ರೂ ಹೋಗಲ್ಲ, ನೀರು ಆವಿಯಾಗಿ ಇನ್ನಷ್ಟು ಜಾಸ್ತಿನೇ ಆಗುತ್ತೆ. ಅದಕ್ಕೇ ಬೋರಿನ ಸಹವಾಸ ಬಿಟ್ಟು ಮಾಳಿಗೆ ಮೇಲಿನ ಮಳೆ ನೀರು ಹಿಡಿದು ಸೋಸೋಣ ಅಂತ ಒಂದು ಡ್ರಮ್ ರೆಡಿ ಮಾಡ್ದೆ.

ಕೆಳಗೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ಇದ್ದಿಲು, ಮೇಲೆ ಮರಳು. ಹೊಳೆ ಮರಳು ಎಲ್ಲೂ ಸಿಗ್ಲಿಲ್ಲ, ಮನೆ ಕಟ್ಟಿ ಮಿಕ್ಕಿದ್ದ ಎಂ ಸ್ಯಾಂಡನ್ನೇ (ಕಲ್ಲು ಪುಡಿ ಮಾಡಿದ ಮರಳು) ಸುರಿದೆ, ಇದ್ದಿಲು ಇಸ್ತ್ರಿ ಅಂಗಡಿಯಿಂದ ತಂದು ಒರಳಲ್ಲಿ ಕುಟ್ಟಿದ್ದು. ಹತ್ತು ಬಿಂದಿಗೆ ಹುಯ್ದಾಯ್ತು, ಇನ್ನೂ ಬೂದಿ ಬಣ್ಣ! ನಲ್ಲಿಗೆ ಹಳೇ ಪಂಚೆ ತುಂಡು ಕಟ್ಟಿದ್ರೆ ಅದ್ರ ಮೇಲೆ ನುಣ್ಣಗೆ ಕಪ್ಪು ಪುಡಿ. ನಮ್ಮತ್ತೆ "ಕಣ್ಣಿಗೆ ಹಚ್ಕೊಳಮ್ಮ, ಒಳ್ಳೆ ಕಾಡಿಗೆ" ಅಂತ ನಗ್ತವ್ರೆ.

ಇದು ಎಂ ಸ್ಯಾಂಡ್ ಧೂಳಾ, ಇಲ್ಲಾ ನಾನು ಇದ್ದಿಲು ತೀರಾ ಸಣ್ಣಗೆ ಕುಟ್ಟಿದ್ದಾ? ಎಲ್ಲಾ ತೆಗೆದು ತೊಳೀಬೇಕಾ? ಇದ್ದಿಲಿನ ಕೆಳಗೆ ಬಟ್ಟೆನೋ ಸೊಳ್ಳೆ ಪರದೆನೋ ಹಾಕಿದ್ರೆ ನಿಲ್ಲುತ್ತಾ? ಮೊದಲ ಮಳೆ ನೀರು ಎಷ್ಟು ಹೊತ್ತು ಆಚೆ ಬಿಡ್ತೀರಾ, ಮಾಳಿಗೆ ಮೇಲೆ ಪಾರಿವಾಳದ ಕಾಟ ಬೇರೆ. ಸೋಸಿದ್ಮೇಲೆ ಕುದಿಸ್ಕೊಂಡೇ ಕುಡಿತೀವಿ, ಆ ಭಯ ಬೇಡ.

ಮಾಡಿ ಬಳಸ್ತಿರೋರು ಫೋಟೋ ಹಾಕಿ ಪ್ಲೀಸ್. ಆರ್‌ಒ ತಗೊಳ್ಳಿ ಅನ್ಬೇಡಿ, ಆ ದುಡ್ಡಿದ್ದಿದ್ರೆ ಒರಳು ಯಾಕೆ ಹಿಡೀತಿದ್ದೆ.